ಜುಲೈಗೆ ಕಾಯದ ಜೆಸಿಂತಾ

ಜೆಸಿಂತಾ ಸ್ಟೀಯರಿಂಗ್ ಹಿಡಿಯದೆ ಯಾವ ನಿರ್ಧಾರವನ್ನೂ ಮಾಡಿದವಳಲ್ಲ. ಕುರ್ಚಿಯ ಮೇಲೆ ಕೂತರೆ ಅವಳ ಬುದ್ಧಿಯೂ ಕೂತುಬಿಡುತ್ತಿತ್ತು. ಕಾರು ಹೊರಟರೆ ಅದೂ ಹೊರಡುತ್ತಿತ್ತು. ಹಾಗಾಗಿ ವಿಷಯ ಎಷ್ಟು ಗಂಭೀರವೋ ರಸ್ತೆಯೂ ಅಷ್ಟೇ ಉದ್ದ. ಪರದೆಯ ಬಣ್ಣ, ಮಗಳ ಟ್ಯೂಷನ್ ಮುಂತಾದ ಕ್ಷುಲ್ಲಕ ಕಲಾಪಗಳು ಮಸ್ಕತ್ತಿನ ನಮ್ಮ ಬಡಾವಣೆ ಅಲ್ ಗುಬ್ರಾದ ಒಳಗೇ, ಸಮುದ್ರದಂಡೆಯ ರಸ್ತೆಯಲ್ಲಿ ಒಂದೆರಡು ಸುತ್ತು ಹಾಕುವಷ್ಟರಲ್ಲಿ ಇತ್ಯರ್ಥವಾಗುತ್ತಿದ್ದವು. ಗಂಡ ಕೆಲಸ ಬದಲಿಸಬೇಕೇ, ಮಗಳು ವಿಜ್ಞಾನ ತೆಗೆದುಕೊಳ್ಳಬೇಕೇ ವಾಣಿಜ್ಯವೇ ಎಂಬಂಥವಕ್ಕೆ ಬರ್ಕಾದ ಮೀನು ಮಾರುಕಟ್ಟೆಯವರೆಗೆ ಹೋಗಿ ಬರಬೇಕಾಗುತ್ತಿತ್ತು. ಕುಟುಂಬದ ಮಾನಮರ್ಯಾದೆಯ ಪ್ರಶ್ನೆಗಳಿಗೆ ಮಾತ್ರ ಇನ್ನೂ ದೂರದ ರುಸ್ತಾಕ್. ಅಲ್ಲಿಯ ಕೋಟೆ ಕಣ್ಣಿಗೆ ಬೀಳುವ ಹೊತ್ತಿಗೆ ತೀರ್ಪು ಹೊರಬಿದ್ದಿರುತ್ತಿತ್ತು. ಒಂದೊಂದು ಕರಕ್ ಚಹಾ ಕುಡಿದು ವಾಪಸ್ಸು.

ಈ ಸಂಚಾರಿ ನ್ಯಾಯಪೀಠದಲ್ಲಿ ಅವಳ ಬಲಗಡೆಯ ಸೀಟು ನನ್ನದು. ನನ್ನ ಹುದ್ದೆ ಏನೆಂಬುದು ಎಂದೂ ಸ್ಪಷ್ಟವಾಗಲಿಲ್ಲ. “ನೀವೆಂತ ಹೇಳ್ತೀರಿ, ಶಾರದಕ್ಕ?” ಎಂದು ಕೇಳುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, “ಅದೇ, ನನಗೂ ಹಾಗೇ ಕಂಡದ್ದು” ಎಂದು ಮುಗಿಸಿಬಿಡುತ್ತಿದ್ದಳು.

ಅವಳು ಉಡುಪಿಯ ಬಳಿ ಶಿರ್ವದ ಕಡೆಯವಳು, ಮನೆಮಾತು ಕೊಂಕಣಿ. ಮಸ್ಕತ್ತಿನ ಒಂದು ಗುತ್ತಿಗೆ ಕಂಪನಿಯ ಕಚೇರಿಯಲ್ಲಿ ನೌಕರರ ವೀಸಾ ನೋಡಿಕೊಳ್ಳುವ ಕೆಲಸ. ಯಾರದು ರಿನ್ಯೂ, ಯಾರದು ಕ್ಯಾನ್ಸಲ್ ಎಂಬ ಇಹಲೋಕದ ಎರಡು ಪರಮಸತ್ಯಗಳ ನಡುವೆ ಅವಳ ಹಗಲು ಕಳೆಯುತ್ತಿತ್ತು. ಗಂಡ ವಲೇರಿಯನ್ ಎಸಿ ಕಂಪನಿಯೊಂದರ ಗೋದಾಮಿನ ಮೇಲ್ವಿಚಾರಕ. ಮಾತನಾಡಲು ಅವಕಾಶ ಸಿಗದೆ ಮಿತಭಾಷಿಯಾದವನು. ಒಬ್ಬಳೇ ಮಗಳು ಶರಲ್ ಆಗ ಹನ್ನೆರಡನೇ ತರಗತಿ. ಕನ್ನಡದಲ್ಲಿ ಕೇಳಿದ್ದಕ್ಕೂ ಕೊಂಕಣಿಯಲ್ಲಿ ಬೈದದ್ದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ.

ನಾನಾದರೋ ಮೈಸೂರಿನವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದು, ಅದನ್ನು ಬಿಟ್ಟು, ಗಂಡನ ನೌಕರಿಯ ಹಿಂದೆ ಒಮಾನಿಗೆ ಬಂದವಳು. ಸಾಮಾನು ಬಿಚ್ಚುತ್ತಿದ್ದ ಮೊದಲ ದಿನವೇ ಎದುರು ಫ್ಲ್ಯಾಟಿನ ಬಾಗಿಲು ತೆರೆಯಿತು. ಕೈಯಲ್ಲಿ ಒಂದು ಡಬ್ಬಿ ನೀರುದೋಸೆ ಹಿಡಿದು ಒಳಗೆ ಬಂದವಳು ನಮ್ಮ ಹೆಸರು ಕೇಳುವ ಮೊದಲೇ ಸೋಫಾ ನೋಡಿದಳು.

“ಇದನ್ನು ಇಲ್ಲಿ ಯಾರು ಇಟ್ಟದ್ದು? ಎಸಿ ಗಾಳಿ ಸೀದಾ ಕುತ್ತಿಗೆಗೆ ಹೊಡೀತದೆ. ಒಂದು ಬದಿ ನೀವು ಹಿಡೀರಿ ಸರ್, ಈಚೆ ಎಳೆಯುವ. ಯಲ್ಲಾ!”

ನಮ್ಮ ಯಜಮಾನರು ಹಿಡಿದರು. ಸರ್ಕಾರಿ ಆದೇಶಕ್ಕೂ ಎರಡು ಸಲ ವಿವರಣೆ ಕೇಳುವ ಮನುಷ್ಯ ಅವರು. ಸೋಫಾ ಇವತ್ತಿಗೂ ಅವಳು ಎಳೆದಲ್ಲೇ ಇದೆ.

ಕೊಲ್ಲಿಯಲ್ಲಿರುವ ನಮ್ಮವರ ದೇಹಕ್ಕೆ ಒಂದು ವಿಶೇಷ ಶಿಸ್ತಿದೆ: ಅದು ಜುಲೈ ತನಕ ಕಾಯುತ್ತದೆ. ಹಲ್ಲು ಅಲುಗಾಡಲಿ, ಮಂಡಿ ಊದಲಿ, ‘ಊರಿಗೆ ಹೋದಾಗ ತೋರಿಸಿದರಾಯಿತು’ ಎಂಬ ಒಂದು ವಾಕ್ಯಕ್ಕೆ ಸಕಲ ಅಂಗಗಳೂ ತಲೆಬಾಗಿ ಸುಮ್ಮನಾಗಬೇಕು. ಶಾಲೆಗೆ ರಜೆ ಆಗಲೇ, ವಾರ್ಷಿಕ ಟಿಕೆಟ್ಟು ಆಗಲೇ, ನಂಬಿಕೆಯ ಡಾಕ್ಟರು ಇರುವುದೂ ಅಲ್ಲೇ. ಇಲ್ಲಿ ಆಸ್ಪತ್ರೆಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಇಲ್ಲಿರುವುದು ದುಡಿಯುವ ದೇಹ. ಕಾಯಿಲೆ ಬೀಳುವ ದೇಹವನ್ನು ನಾವು ಊರಿನಲ್ಲಿಟ್ಟು ಬಂದಿರುತ್ತೇವೆ.

ಬೇರೆಯವರು ಹೀಗೆ ಕಾಯುವುದನ್ನು ಜೆಸಿಂತಾ ಸಹಿಸುತ್ತಿರಲಿಲ್ಲ. ನಮ್ಮ ಯಜಮಾನರು ಪಿತ್ತಕೋಶದ ಕಲ್ಲನ್ನು ಜುಲೈಗೆಂದು ಜೋಪಾನ ಮಾಡಿಕೊಂಡಿದ್ದಾಗ, ಫೆಬ್ರವರಿಯ ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಅವರ ಮುಖ ನೋಡಿ, ಆಫೀಸಿಗೆ ಹೊರಟವರನ್ನು ಹಾಗೇ ತನ್ನ ಕಾರಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಸೇರಿಸಿದಳು. “ಕಲ್ಲು ಊರಿಗೆ ತಗೊಂಡು ಹೋಗಿ ಮನೆ ಕಟ್ಲಿಕ್ಕುಂಟಾ ಸರ್?” ಎಂದು ಕೇಳಿದಳಂತೆ. ಅವರಿಗೆ ನೋವಿನಲ್ಲೂ ನಗು ಬಂದು ಇನ್ನಷ್ಟು ನೋವಾಯಿತಂತೆ.

ಅವಳದೇ ಹೊಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ಈ ಮಹಾನ್ಯಾಯಾಧೀಶೆ ನಮ್ಮೆಲ್ಲರಂತೆ ಸಾಮಾನ್ಯ ಪ್ರಜೆ. ತಿಂಗಳ ಸ್ರಾವ ವಿಪರೀತವಾಗಿ ಎರಡು ವರ್ಷ ದಾಟಿತ್ತು. ಮೊದಲ ಜುಲೈಯಲ್ಲಿ ಊರಿಗೆ ಹೋದಾಗ ನಾದಿನಿಯ ಮದುವೆ. ಎರಡನೆಯ ಜುಲೈಯಲ್ಲಿ ಮೈದುನನ ಹೊಸ ಮನೆಗೆ ಪಾದ್ರಿಗಳಿಂದ ಆಶೀರ್ವಾದ. ಡಾಕ್ಟರನ್ನು ನೋಡಲು ಇಟ್ಟುಕೊಂಡಿದ್ದ ದಿನವೇ ಇನ್ನೂರು ಜನರಿಗೆ ಸಾನ್ನಾ ಎಂಬ ಅವರ ಕಡೆಯ ಇಡ್ಲಿ ಬೇಯಿಸುವ ಮೇಲ್ವಿಚಾರಣೆ ಬಂದು ಹೆಗಲಿಗೇರಿತು. ಮೂರನೆಯ ಜುಲೈಗೆ ಇನ್ನೂ ಆರೇಳು ತಿಂಗಳಿದೆ ಎನ್ನುವಾಗ ಕಚೇರಿಯಲ್ಲಿ ಯಾರದೋ ವೀಸಾ ಕ್ಯಾನ್ಸಲ್ ಮಾಡುತ್ತ ಮಾಡುತ್ತ ಕುಸಿದು ಬಿದ್ದಳು.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಸ್ಕ್ಯಾನ್ ಮಾಡಿದರು. ಗರ್ಭಕೋಶದ ತುಂಬ ಗಡ್ಡೆಗಳು. ಕ್ಯಾನ್ಸರ್ ಅಲ್ಲ, ಆದರೆ ಗರ್ಭಕೋಶ ತೆಗೆಯುವುದೇ ದಾರಿ ಎಂದರು. ವೈದ್ಯೆ ಒಮಾನಿನವರೇ, ನಿಧಾನವಾಗಿ ಮಾತನಾಡುವ ಹೆಂಗಸು. ಜೊತೆಗೆ ಹೋಗಿದ್ದವಳು ನಾನು. ವಲೇರಿಯನ್ ಹೊರಗೆ ಪಾರ್ಕಿಂಗ್ ಹುಡುಕುತ್ತಿದ್ದ, ಅಥವಾ ಹುಡುಕುವ ನೆಪದಲ್ಲಿದ್ದ.

“ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ?” ಎಂದು ವೈದ್ಯೆ ಕೇಳಿದರು.

“ಇಲ್ಲ,” ಎಂದಳು ಜೆಸಿಂತಾ, ರೇಷನ್ ಕಾರ್ಡಿನ ವಿವರ ಕೊಡುವಷ್ಟು ಖಚಿತವಾಗಿ.

“ತಾಯಿ?”

“ಗ್ಯಾಸ್ಟ್ರಿಕ್‌ನಲ್ಲಿ ಹೋದದ್ದು. ನಲವತ್ತೊಂಬತ್ತಕ್ಕೆ.”

“ತಾಯಿಯ ಅಕ್ಕತಂಗಿಯರು?”

“ಒಬ್ಬರು ಇದ್ದಾರೆ. ಇನ್ನೊಬ್ಬರಿಗೆ ಹೊಟ್ಟೆಯಲ್ಲಿ ನೀರು ತುಂಬಿದ್ದು.”

ಬರೆಯುತ್ತಿದ್ದ ವೈದ್ಯೆ ಪೆನ್ನು ಕೆಳಗಿಟ್ಟರು. ಗ್ಯಾಸ್ಟ್ರಿಕ್‌ನಿಂದ ಆ ವಯಸ್ಸಿನಲ್ಲಿ ಯಾರೂ ಸಾಯುವುದಿಲ್ಲ, ಹೊಟ್ಟೆಯಲ್ಲಿ ನೀರು ತಾನಾಗಿ ತುಂಬುವುದಿಲ್ಲ ಎಂದರು. “ದಯವಿಟ್ಟು ಸರಿಯಾಗಿ ವಿಚಾರಿಸಿಕೊಂಡು ಬನ್ನಿ. ಅಂಡಾಶಯಗಳನ್ನು ಇಡಬೇಕೋ ತೆಗೆಯಬೇಕೋ ಎನ್ನುವುದು ಅದರ ಮೇಲೆ ನಿಂತಿದೆ.”

ವಿಚಾರಿಸುವುದು ಅಷ್ಟು ಸುಲಭವಿರಲಿಲ್ಲ. ಶಿರ್ವದಲ್ಲಿ ಬದುಕಿದ್ದ ಚಿಕ್ಕಮ್ಮ ರೋಸಿ ಮಾವ್ಶಿಗೆ ಜೆಸಿಂತಾ ನನ್ನೆದುರೇ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಮಾವ್ಶಿಯ ಧ್ವನಿ ಕೋಣೆ ತುಂಬಿತು. ಹಲಸಿನ ಹಪ್ಪಳ, ಪಕ್ಕದ ಮನೆಯ ನಾಯಿ, ಇಗರ್ಜಿಯ ಹೊಸ ಪಾದ್ರಿ ಎಲ್ಲ ಬಂದವು. ಆ ಒಂದು ವಿಷಯ ಬಂದ ಕೂಡಲೇ ಮಾವ್ಶಿಗೆ ಕಿವಿ ಕೇಳಿಸುವುದು ನಿಂತುಹೋಯಿತು. ಕೊನೆಗೆ, “ಸತ್ತವರನ್ನು ಯಾಕೆ ಎಬ್ಬಿಸುದು? ಶರಲ್‌ನ ಮದುವೆ ಆಗ್ಲಿಕ್ಕುಂಟು. ಊರಿಗೆ ಬಾ, ಜುಲೈಯಲ್ಲಿ ಮಾತಾಡುವ” ಎಂದು ಇಟ್ಟುಬಿಟ್ಟರು.

ಆಗ ಜೆಸಿಂತಾ ಫೋಟೋಗಳನ್ನು ತರಿಸಿದಳು. ಅವರ ಕಡೆ ಒಂದು ಪದ್ಧತಿಯಿದೆ: ಮಣ್ಣಿಗೆ ಹೊರಡುವ ಮುನ್ನ ತೆರೆದ ಶವಪೆಟ್ಟಿಗೆಯ ಸುತ್ತ ಕುಟುಂಬವೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುತ್ತದೆ. ಮೈಸೂರಿನ ನನಗೆ ಇದು ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತ್ತು. ಊರಿನಲ್ಲಿದ್ದ ಅವಳ ತಮ್ಮ, ಹಳೆಯ ಆಲ್ಬಮಿನಿಂದ ಎರಡು ಫೋಟೋ ಕಳಿಸಿದ. ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನಾವಿಬ್ಬರೂ ನೋಡಿದೆವು. ತಾಯಿಯ ಎದೆಯ ಮೇಲೆ ಜಪಮಾಲೆ ಸುತ್ತಿದ ಕಡ್ಡಿಯಂಥ ಕೈಗಳು. ಅವುಗಳ ಕೆಳಗೆ ಸೀರೆಯ ಒಳಗಿನಿಂದ ಎದ್ದು ನಿಂತ ಹೊಟ್ಟೆ. ತಲೆಗೆ ಬಿಳಿ ಲೇಸಿನ ಬಟ್ಟೆ. ಅದರ ಅಂಚಿನಲ್ಲಿ ಹಣೆಯ ಮೇಲೆ ಒಂದು ಕೂದಲೂ ಇಲ್ಲ. ಇನ್ನೊಂದು ಫೋಟೋದಲ್ಲಿ ಇನ್ನೊಬ್ಬ ಮಾವ್ಶಿ. ಅದೇ ಕೈ, ಅದೇ ಹೊಟ್ಟೆ, ಅದೇ ಬಗೆಯ ಲೇಸು.

“ಈ ಕರಿ ಡ್ರೆಸ್ಸಿನದು ನಾನೇ,” ಎಂದಳು ಜೆಸಿಂತಾ. ಪೆಟ್ಟಿಗೆಗೆ ತಾಗಿ ನಿಂತ ಹುಡುಗಿಯೊಬ್ಬಳ ಮೇಲೆ ಅವಳ ಬೆರಳಿತ್ತು. “ಇಷ್ಟು ಹತ್ತಿರ ನಿಂತಿದ್ದೇನೆ, ನೋಡಿ ಅಕ್ಕ. ಕಣ್ಣು ಮಾತ್ರ ಕ್ಯಾಮೆರಾದಲ್ಲಿ.”

ಆಮೇಲೆ ಮಾವ್ಶಿಗೆ ಇನ್ನೊಮ್ಮೆ ಫೋನ್ ಮಾಡಿದಳು. ಈ ಸಲ ಪ್ರಶ್ನೆ ಕೇಳಲಿಲ್ಲ. “ಮಮ್ಮಿಯ ತಲೆಯಲ್ಲಿ ಕೂದಲು ಇರ್ಲಿಲ್ಲ, ಮಾವ್ಶಿ” ಎಂದಷ್ಟೇ ಹೇಳಿದಳು. ಆ ಕಡೆಯಿಂದ ಕೊಂಕಣಿಯಲ್ಲಿ ತಗ್ಗಿದ ಧ್ವನಿ ಬಂತು. ಮಾವ್ಶಿಯ ಬಾಯಲ್ಲಿ ಆ ರೋಗದ ಹೆಸರು ಆಗಲೂ ಬರಲಿಲ್ಲವಂತೆ; ‘ದೊಡ್ಡದು’ ಎಂದರಂತೆ. ಇಬ್ಬರಿಗೂ ದೊಡ್ಡದೇ, ಗರ್ಭದ ಪಕ್ಕದ್ದೇ. ಮಣಿಪಾಲದಲ್ಲಿ ಔಷಧಿ ಕೊಟ್ಟರು. ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ಮನೆಯವರು ಗ್ಯಾಸ್ಟ್ರಿಕ್ ಎಂದರು.

“ನನ್ನ ಮದುವೆ ಚಂದ ಆಯ್ತು,” ಎಂದಳು ಫೋನ್ ಇಟ್ಟು. “ಸಾಯ್ಬಾ ಭೊಗೊಸ್. ದೇವರು ಕ್ಷಮಿಸ್ಲಿ. ಎಂತ ಜನ ಮಾರಾಯ್ರೆ ನಾವು!”

ವೈದ್ಯೆ ಎಲ್ಲ ಕೇಳಿಕೊಂಡು ವಿವರವಾಗಿ ಹೇಳಿದರು. ಗರ್ಭಕೋಶದ ಜೊತೆ ಅಂಡನಾಳಗಳನ್ನಂತೂ ತೆಗೆಯುವುದೇ ಮೇಲು, ಈ ರೋಗ ಎಷ್ಟೋ ಸಲ ಅಲ್ಲಿಂದಲೇ ಹೊರಡುತ್ತದೆ. ಪ್ರಶ್ನೆ ಅಂಡಾಶಯಗಳದು. ಇಟ್ಟರೆ ಅಪಾಯವೂ ಅವುಗಳ ಜೊತೆ ಉಳಿಯುತ್ತದೆ. ಆಗಾಗ ಸ್ಕ್ಯಾನ್ ಮಾಡಿಸುತ್ತಿದ್ದರೆ ಸಮಯಕ್ಕೆ ಸಿಕ್ಕಿಬಿಡುತ್ತದೆ ಎನ್ನುವ ಭರವಸೆ ಇಲ್ಲ. ತೆಗೆದರೆ ಅಪಾಯ ಬಹಳ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದರೆ ಮೆಲ್ಲಗೆ ಬರಬೇಕಾದ ಮುಟ್ಟುನಿಲ್ಲುವ ಕಾಲ ನಲವತ್ತನಾಲ್ಕಕ್ಕೆ ಒಂದೇ ದಿನದಲ್ಲಿ ಬಂದೆರಗುತ್ತದೆ. ಮೂಳೆ, ಹೃದಯ, ನಿದ್ದೆ ಎಲ್ಲವನ್ನೂ ನೋಡಿಕೊಳ್ಳಬೇಕು, ಹಾರ್ಮೋನು ಕೊಡಬೇಕಾಗಬಹುದು. ವಂಶವಾಹಿಯ ಪರೀಕ್ಷೆಯೊಂದಿದೆ, ಅದನ್ನು ಮಾಡಿಸೋಣ ಎಂದರು.

ರಕ್ತ ಎಲ್ಲಿಗೋ ಹೋಯಿತು. ವಾರಗಟ್ಟಲೆ ಕಾದ ಮೇಲೆ ಬಂದ ಫಲಿತಾಂಶ ಹೀಗಿತ್ತು: ಒಂದು ಬದಲಾವಣೆ ಕಂಡಿದೆ, ಅದರ ಅರ್ಥ ಸದ್ಯಕ್ಕೆ ಯಾರಿಗೂ ತಿಳಿದಿಲ್ಲ. ಅದನ್ನು ನಂಬಿ ಏನನ್ನೂ ತೀರ್ಮಾನಿಸಬಾರದು, ಮನೆತನದ ಇತಿಹಾಸವನ್ನೇ ಮುಂದಿಟ್ಟುಕೊಂಡು ಯೋಚಿಸಿ, ಆಯ್ಕೆ ನಿಮ್ಮದು ಎಂದರು ವೈದ್ಯೆ.

“ಎಂತ ರಿಸಲ್ಟ್ ಇದು, ಅಕ್ಕ? ಹೌದೂ ಅಲ್ಲ, ಅಲ್ಲವೂ ಅಲ್ಲ. ನಮ್ಮ ಆಫೀಸಲ್ಲಿ ಹೀಗೆ ಬರೆದು ಕೊಟ್ರೆ ಕಫೀಲ್, ನಮ್ಮ ಅರಬ್ಬಿ ಧಣಿ, ನನ್ನನ್ನೇ ಊರಿಗೆ ಕಳಿಸ್ತಾರೆ.”

ಅಲ್ಲಿಂದ ಮುಂದೆ ನಮ್ಮ ದಿನಗಳು ರಸ್ತೆಯಲ್ಲೇ ಕಳೆದವು. ದಿನವೂ ಸಂಜೆ ಕಾರಿನ ಹಾರ್ನ್. ಸಮುದ್ರದಂಡೆ ಸಾಲಲಿಲ್ಲ. ಬರ್ಕಾ ಸಾಲಲಿಲ್ಲ. ಒಂದು ಶುಕ್ರವಾರ ರುಸ್ತಾಕಿಗೆ ಹೋದೆವು. ಕೋಟೆ ಬಂತು, ತೀರ್ಪು ಬರಲಿಲ್ಲ. ಅವಳು ನಿಲ್ಲಿಸದೆ ಮುಂದಕ್ಕೆ ಬಿಟ್ಟಳು. ಎರಡೂ ಕಡೆ ಬೋಳು ಬೆಟ್ಟ, ನಡುವೆ ನಮ್ಮ ಕಾರು. ದಾರಿಯುದ್ದಕ್ಕೂ ಅವಳೇ ವಾದಿ, ಅವಳೇ ಪ್ರತಿವಾದಿ.

“ತೆಗ್ಸಿದೆ ಅಂತ ಇಟ್ಕೊಳ್ಳಿ. ನಾಳೆಯಿಂದ ನಾನು ಮುದುಕಿ. ಮೂಳೆ ಪುಡಿ ಆಗಿ ಬಚ್ಚಲಲ್ಲಿ ಬಿದ್ರೆ ಯಾರು ಎತ್ತುದು? ವಲೇರಿಯನ್‌ಗೆ ಅಕ್ಕಿ ಚೀಲ ಎತ್ಲಿಕ್ಕೆ ಆಗುದಿಲ್ಲ.”

“ಸರಿ, ಇಟ್ಕೋ ಹಾಗಾದ್ರೆ.”

“ಇಟ್ಕೊಂಡೆ. ನಾಳೆ ಹೊಟ್ಟೆ ಉಬ್ಬಿತು. ಅದು ಗ್ಯಾಸಾ, ಮಮ್ಮಿಯ ಗ್ಯಾಸಾ?”

ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಅವಳು ವಲೇರಿಯನ್ನನ್ನು ಕೇಳಿದರೆ, “ನಿನ್ನ ಇಷ್ಟ, ಜೆಸ್ಸಿ” ಎನ್ನುತ್ತಿದ್ದನಂತೆ. ಇಪ್ಪತ್ತು ವರ್ಷ ಎಲ್ಲರ ಇಷ್ಟವನ್ನೂ ತಾನೇ ನೋಡಿಕೊಂಡವಳಿಗೆ ತನ್ನ ಇಷ್ಟವೆಂಬುದು ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಶರಲ್‌ಗೆ ಏನನ್ನೂ ಹೇಳಿರಲಿಲ್ಲ. ಪರೀಕ್ಷೆ ಹತ್ತಿರವಿದೆ ಎಂಬುದು ಕಾರಣ. “ಅವಳಿಗೆ ಎಂತ ಹೇಳಲಿ? ನಿನ್ನ ಅಜ್ಜಿಯ ಚಿನ್ನ ಎಲ್ಲ ನಿಂಗೆ, ಜೊತೆಗೆ ಇದೂ ಉಂಟು ಅಂತವಾ?”

ತೀರ್ಮಾನವಾದದ್ದು ರಸ್ತೆಯಲ್ಲಿ ಅಲ್ಲ. ಅವಳ ಅಡುಗೆಮನೆಯಲ್ಲಿ, ಶನಿವಾರದ ಬೆಳಿಗ್ಗೆ. ಅವಳು ಸಿಂಕಿನ ಮುಂದೆ ನಿಂತು ಬಂಗುಡೆ ಶುಚಿ ಮಾಡುತ್ತಿದ್ದಳು. ನಾನು ಕರಿಬೇವು ಕೇಳಲು ಹೋಗಿ, ಸಸ್ಯಾಹಾರಿಗೆ ಉಚಿತವಾದ ದೂರದಲ್ಲಿ ಬಾಗಿಲಿಗೆ ಒರಗಿದ್ದೆ. ವಲೇರಿಯನ್ ಮೊಬೈಲು ಹಿಡಿದು ಬಂದ.

“ಜೆಸ್ಸಿ, ಮಂಗಳೂರಿನ ಟಿಕೆಟ್ ಈಗ್ಲೇ ಮಾಡುವನಾ? ಮತ್ತೆ ರೇಟ್ ಏರ್ತದೆ.” ಸ್ವಲ್ಪ ತಡೆದು, ಬಹಳ ಪ್ರೀತಿಯಿಂದಲೇ ಸೇರಿಸಿದ: “ಗರ್ಭಕೋಶದ್ದು ಇಲ್ಲೇ ಆಗ್ಲಿ. ಅದು ಇನ್ನೊಂದು, ಓವರಿಯ ವಿಷಯ, ಸದ್ಯ ಹಾಗೇ ಬಿಟ್ಟು ಊರಲ್ಲಿ ಒಮ್ಮೆ ತೋರಿಸುವ. ಜುಲೈಯಲ್ಲಿ ನೋಡುವ.”

ಅವಳ ಕೈ ನಿಂತಿತು. ಕೈಯಲ್ಲಿ ಚೂರಿಯಿದ್ದುದರಿಂದ ನಾನೂ ಸ್ವಲ್ಪ ನೇರವಾಗಿ ನಿಂತೆ.

“ನೋಡುದಿಲ್ಲ,” ಎಂದಳು.

“ಎಂತ ನೋಡುದಿಲ್ಲ?”

“ಜುಲೈಯಲ್ಲಿ ನೋಡುದಿಲ್ಲ, ವಲ್ಲಿ. ಗರ್ಭಕೋಶ ಎರಡು ಜುಲೈ ಕಾದದ್ದು, ನಾನು ನೋಡಿದೆನಾ? ಸಾನ್ನಾ ಬೇಯಿಸಿದೆ. ಇದನ್ನು ಇಟ್ಕೊಂಡ್ರೂ ಅಷ್ಟೇ. ಹೊಟ್ಟೆ ಉಬ್ಬಿದ್ರೆ ಗ್ಯಾಸ್ ಅಂತೇನೆ. ಜುಲೈ ಅಂತೇನೆ. ಮಮ್ಮಿಯೂ ಹಾಗೇ ಎಂತದೋ ಹಬ್ಬಕ್ಕೆ ಕಾದಿರ್ಬೇಕು. ಬೇರೆ ಯಾರಾದ್ರೂ ಆದ್ರೆ ಇಟ್ಕೊಳ್ಳಿ, ಎಚ್ಚರ ಇರಿ ಅಂತಿದ್ದೆ. ನನ್ನನ್ನು ನನಗೆ ಗೊತ್ತುಂಟು. ಎರಡೂ ತೆಗ್ಸುವ. ಖಲಾಸ್.”

ಹೇಳಿ ಮತ್ತೆ ಬಂಗುಡೆಯ ಹೊಟ್ಟೆಗೆ ಚೂರಿ ಹಾಕಿದಳು. ವಲೇರಿಯನ್ ಹತ್ತಿರ ಹೋಗಿ ನಲ್ಲಿ ತಿರುಗಿಸಿ ನೀರು ಬಿಟ್ಟ. ಇಬ್ಬರೂ ಅಳುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಕರಿಬೇವು ಕೇಳದೆ ಬಂದೆ.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ತೆಗೆದದ್ದನ್ನೆಲ್ಲ ಪರೀಕ್ಷೆಗೆ ಕಳಿಸಿದ್ದರು. ವರದಿ ಬಂದ ದಿನ ವೈದ್ಯೆ ಸ್ವತಃ ನಗುತ್ತ, ಎಲ್ಲ ಶುದ್ಧವಾಗಿದೆ, ಎಲ್ಲಿಯೂ ಏನೂ ಇಲ್ಲ, ದೇವರು ದೊಡ್ಡವನು ಎಂದರು. ವಲೇರಿಯನ್ ಮೇಣದ ಬತ್ತಿ ಹಚ್ಚಲು ರೂವಿಯ ಇಗರ್ಜಿಗೆ ಓಡಿದ. ನಾನು ಹಯಗ್ರೀವ ಮಾಡಿಕೊಂಡು ಎದುರು ಮನೆಗೆ ಹೋದೆ. ಜೆಸಿಂತಾ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಎರಡೂ ಚೆನ್ನಾಗಿದ್ದವಂತೆ, ಅಕ್ಕ.”

“ಅದಕ್ಕೇ ತಾನೇ ಹಯಗ್ರೀವ?”

“ಚೆನ್ನಾಗಿ ಕೆಲಸ ಮಾಡ್ತಿದ್ದವು. ಒಂದು ಕಂಪ್ಲೇಂಟ್ ಇಲ್ಲ. ಅಂಥವರನ್ನು ವೀಸಾ ಕ್ಯಾನ್ಸಲ್ ಮಾಡಿ ಕಳಿಸಿದ ಹಾಗೆ ಆಯ್ತಲ್ಲ.” ಈ ಕಡೆ ಹೊರಳಿದಳು. ಕಣ್ಣು ಕೆಂಪಾಗಿತ್ತು. “ಎಂತಾದ್ರೂ ಸಿಕ್ಕಿದ್ರೆ ಹೆದರಿಕೆ. ಎಂತದೂ ಸಿಗ್ಲಿಲ್ಲ ಅಂದ್ರೆ ಇದು. ಇನ್ನು ಸಾಯುವ ತನಕ, ಬೇಕಿತ್ತಾ ಬೇಡವಿತ್ತಾ ಅಂತ ಗೊತ್ತೇ ಆಗುದಿಲ್ಲ, ಅಲ್ಲವಾ?”

ನಾನು ಚಮಚ ಕೊಟ್ಟೆ. ಅಳುತ್ತಲೇ ಒಂದು ಬಟ್ಟಲು ತಿಂದು, ದ್ರಾಕ್ಷಿ ಕಡಿಮೆಯಾಯಿತೆಂದು ಹೇಳಿದಳು.

ಬಳಿಕ ಬಂದದ್ದು ಉರಿ. ಒಮಾನಿನ ಬೇಸಿಗೆ ಹೊರಗೆ, ಅವಳದೇ ಒಂದು ಬೇಸಿಗೆ ಒಳಗೆ. ಮಾತನಾಡುತ್ತಿದ್ದ ಹಾಗೇ ಮುಖ ಕೆಂಪೇರಿ, ಕುತ್ತಿಗೆಯಲ್ಲಿ ನೀರಿಳಿದು, “ನಿಲ್ಲಿ, ನಿಲ್ಲಿ, ಬಂತು” ಎಂದು ಅತಿಥಿ ಬಂದಂತೆ ಎದ್ದು ನಿಲ್ಲುತ್ತಿದ್ದಳು. ಅವರ ಮನೆಯ ಎಸಿ ಹದಿನಾರರಿಂದ ಮೇಲೇರಲಿಲ್ಲ. ಎಸಿ ಕಂಪನಿಯಲ್ಲಿ ಅಷ್ಟು ವರ್ಷ ದುಡಿದ ವಲೇರಿಯನ್‌ಗೆ ತನ್ನ ಸರಕಿನ ಶಕ್ತಿ ಆಗಲೇ ಅರಿವಾದದ್ದು. ಆಗಸ್ಟಿನಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಊಟ ಮಾಡುತ್ತಿದ್ದ. ವೈದ್ಯೆ ಚರ್ಮಕ್ಕೆ ಅಂಟಿಸುವ ಹಾರ್ಮೋನಿನ ಪಟ್ಟಿ ಕೊಟ್ಟ ಮೇಲೆ ಟೋಪಿ ಇಳಿಯಿತು. ಉರಿ ಕಡಿಮೆಯಾಯಿತು, ಪೂರ್ತಿ ಬಿಡಲಿಲ್ಲ.

ಶರಲ್‌ಗೆ ಪರೀಕ್ಷೆ ಮುಗಿದ ಮೇಲೆ ಹೇಳಿದಳು. ಚುಟುಕಾಗಿ, ಧೈರ್ಯವಾಗಿ, ಏನೂ ಆಗದವಳ ಹಾಗೆ. ರೋಸಿ ಮಾವ್ಶಿಗೂ ಹೇಳಿದಳು. ಹುಡುಗಿಯ ಮದುವೆಯ ಗತಿಯೇನು ಎಂದು ಮಾವ್ಶಿ ಗೋಳಾಡಿದಾಗ, “ಕೇಳ್ಲಿಕ್ಕೆ ಬರುವವರಿಗೆ ಚಹಾ ಕೊಡುವ ಮೊದ್ಲೇ ಹೇಳ್ತೇನೆ. ನೀವೂ ಒಮ್ಮೆ ಡಾಕ್ಟರಿಗೆ ತೋರಿಸಿ, ಈ ವಾರವೇ” ಎಂದಳು. ಮಾವ್ಶಿ ನಿಜವಾಗಿ ಹೋದರು ಎಂಬುದು ನನ್ನ ಮಟ್ಟಿಗೆ ಒಂದು ಪವಾಡ.

ಈಗ ಎದುರು ಫ್ಲ್ಯಾಟಿನಲ್ಲಿ ಪುಣೆಯ ಗಂಡಹೆಂಡತಿ ಇದ್ದಾರೆ. ಒಳ್ಳೆಯ ಜನ. ನಮ್ಮ ಮನೆಗೆ ಬಂದರೆ ನಾವು ತೋರಿಸಿದ ಕಡೆ ಕೂರುತ್ತಾರೆ. ವಲೇರಿಯನ್‌ನ ಕಂಪನಿ ಹಳಬರನ್ನು ಕಡಿಮೆ ಮಾಡಿದಾಗ ಜೆಸಿಂತಾಳೂ ರಾಜೀನಾಮೆ ಕೊಟ್ಟು, ತನ್ನ ವೀಸಾ ತಾನೇ ಕ್ಯಾನ್ಸಲ್ ಮಾಡಿಕೊಂಡು ಹೊರಟಳು. ಶರಲ್ ಆಗಲೇ ಮಂಗಳೂರಿನ ಹಾಸ್ಟೆಲಿನಲ್ಲಿದ್ದಳು.

ಹೊರಡುವ ದಿನ ಸಂಜೆ ಹೋದೆ. ಬರಿದಾದ ಮನೆಯಲ್ಲಿ ಉಳಿದಿದ್ದುದು ಫ್ರಿಜ್ಜು ಒಂದೇ, ಕೊಂಡವರು ಇನ್ನೇನು ಬರುವವರಿದ್ದರು. ಅವಳು ಅದರ ಮೇಲಿನ ಬಾಗಿಲು ತೆರೆದು, ಖಾಲಿ ಫ್ರೀಜರಿಗೆ ಮುಖವೊಡ್ಡಿ ನಿಂತಿದ್ದಳು. ಉರಿ ಬಂದಿತ್ತು. ಬಿಳಿ ಹಬೆಯೊಳಗಿಂದಲೇ ಮಾತನಾಡಿದಳು.

“ಬೆಳಿಗ್ಗೆ ಶರಲ್ ಫೋನ್ ಮಾಡಿದ್ದಳು. ‘ಮಮ್ಮಾ, ಆಗ ನಿಮಗೆ ಹೆದರಿಕೆ ಆಗಿತ್ತಾ?’ ಕೇಳಿದಳು. ಕನ್ನಡದಲ್ಲಿ ಕೇಳಿದಳು, ಅಕ್ಕ. ‘ಇಲ್ಲಪ್ಪ, ಎಂತ ಹೆದರಿಕೆ’ ಅಂದೆ. ‘ಡೋಂಟ್ ಲೈ. ಮುಂದೆ ನಂಗೆ ಬೇಕಾಗ್ತದೆ’ ಅಂದಳು.”

“ಏನು ಹೇಳ್ದೆ ಮತ್ತೆ?”

“ಎಲ್ಲ ಹೇಳಿದೆ. ಹೆದರಿದ್ದೆ ಅಂತ. ರಿಪೋರ್ಟ್ ಚೆನ್ನಾಗಿ ಬಂತು ಅಂತ ಅತ್ತದ್ದು ಅಂತ. ಸರಿ ಮಾಡಿದೆನಾ ಅಂತ ಈಗ್ಲೂ ಗೊತ್ತಿಲ್ಲ ಅಂತ. ಮಮ್ಮಿ ನಂಗೆ ಹೇಳದ್ದು, ನಾನು ಅವಳಿಗೆ ಹೇಳದ್ದು, ಎಲ್ಲ.”

“ಅವಳೇನಂದ್ಲು?”

ಜೆಸಿಂತಾ ಫ್ರೀಜರಿನಿಂದ ಮುಖ ತೆಗೆದು ನನ್ನ ಕಡೆ ತಿರುಗಿದಳು. ಹುಬ್ಬಿನ ಮೇಲೆ ಸಣ್ಣ ನೀರಿನ ಹನಿಗಳಿದ್ದವು.

“‘ಓಕೆ’ ಅಂದಳು. ಅಷ್ಟೇ. ಆದ್ರೆ ಫೋನ್ ಇಡ್ಲಿಲ್ಲ, ಅಕ್ಕ.”